ಕುರ್ಲಾದಲ್ಲಿ ಇಳಿದುಹೋದ ಕಥೆ

ಬರುವ ಶನಿವಾರ ಸಂಜೆ ಆರೂವರೆಗೆ ಮುಂಬಯಿಯ ಫೋರ್ಟ್ ಕಡೆಯ ಒಂದು ಸಣ್ಣ ಸಭಾಂಗಣದಲ್ಲಿ ನಾನೊಂದು ಸಿನಿಮಾ ನೋಡುವವನಿದ್ದೇನೆ. ಅದಕ್ಕಾಗಿ ಕಾದದ್ದು 45 ವರ್ಷಕ್ಕೂ ಮೇಲೆ. ಕೇಳಿದವರು ನಗುತ್ತಾರೆ. ಪುಣೆಯಲ್ಲಿರುವ ಮಗಳಂತೂ, "ಅಪ್ಪಾ, ಲಿಂಕ್ ಕಳಿಸ್ತೇನೆ, ಮನೆಯಲ್ಲೇ ಕೂತು ನೋಡಿ. ಈ ವಯಸ್ಸಲ್ಲಿ ಠಾಣೆಯಿಂದ ಲೋಕಲ್ ಹತ್ತಿ ಹೋಗ್ಬೇಕಾ?" ಅಂದಳು. ಬೇಡ ಅಂದೆ. ಯಾಕೆ ಬೇಡ ಅಂತ ಅವಳಿಗೆ ಹೇಳಲಿಲ್ಲ. ಊರಿನಲ್ಲಿರುವ ನಿಮಗೆ ಹೇಳುವುದು ಸುಲಭ. ನೀವು ನಮ್ಮ ಬಿಲ್ಡಿಂಗಿನಲ್ಲಿ ಇಲ್ಲ.

ಚಿತ್ರ ಜರ್ಮನಿಯದು. ಫಾಸ್‌ಬಿಂಡರ್ ಎಂಬ ನಿರ್ದೇಶಕ 1973ರ ಸೆಪ್ಟೆಂಬರಿನಲ್ಲಿ ಸುಮಾರು 15 ದಿನಗಳಲ್ಲಿ ಚಿತ್ರೀಕರಣ ಮುಗಿಸಿದ್ದು. ಆಗ ಅವನಿಗೆ 28 ವರ್ಷ. 1974ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಬಂತು. ಇಂಗ್ಲಿಷಿನಲ್ಲಿ 'ಅಲಿ: ಫಿಯರ್ ಈಟ್ಸ್ ದ ಸೋಲ್' ಅನ್ನುತ್ತಾರೆ. ಜರ್ಮನ್ ಹೆಸರಿನಲ್ಲಿ ವ್ಯಾಕರಣ ತಪ್ಪಿದೆಯಂತೆ. ಬೇಕೆಂದೇ ತಪ್ಪಿಸಿದ್ದು, ಕಥಾನಾಯಕ ಹೊರಗಿನವನು, ಹರುಕುಮುರುಕು ಜರ್ಮನ್ ಆಡುವವನು. ಕನ್ನಡದಲ್ಲಿ 'ಹೆದರಿಕೆ ಜೀವ ತಿಂದು' ಅಂದರೆ ಹೇಗೋ ಹಾಗೆ. ನಾನು ಮೊದಲ ವರ್ಷ ಆಡಿದ ಮರಾಠಿಯೂ ಅದೇ ಜಾತಿಯದು.

ಇದರ ಕಥೆಯನ್ನು ನಾನು ಕೇಳಿದ್ದು 1978ರಲ್ಲಿ, ವಿ.ಟಿ.ಯಿಂದ ಹೊರಟ ಸ್ಲೋ ಲೋಕಲಿನಲ್ಲಿ. ಆಗ ನಾನು ಫೋರ್ಟಿನ ಬ್ಯಾಂಕೊಂದರಲ್ಲಿ ಗುಮಾಸ್ತ. ಪಕ್ಕದ ಕೌಂಟರಿನಲ್ಲಿ ಧಾರವಾಡದ ಗೆಳೆಯನೊಬ್ಬ. ಅವನಿಗೆ ಫಿಲಂ ಸೊಸೈಟಿಯ ಹುಚ್ಚು. ಭಾನುವಾರ ನೋಡಿದ ಚಿತ್ರವನ್ನು ಸೋಮವಾರ ಸಂಜೆ ರೈಲಿನಲ್ಲಿ ನನಗೆ ಪೂರ್ತಿ ಹೇಳುವುದು ಅವನ ಅಭ್ಯಾಸ. ಎಷ್ಟು ಚೆನ್ನಾಗಿ ಹೇಳುತ್ತಿದ್ದನೆಂದರೆ, ಹತ್ತಾರು ವಿದೇಶೀ ಚಿತ್ರಗಳನ್ನು ನಾನು ನೋಡಿದ್ದೇನೆಂದೇ ಇವತ್ತಿಗೂ ನನ್ನ ಭ್ರಮೆ. ಅವನಿಳಿಯುವುದು ಕುರ್ಲಾ, ನಾನು ಮುಲುಂಡ್. ಚಿತ್ರ ಎಷ್ಟೇ ದೊಡ್ಡದಿರಲಿ, ಕುರ್ಲಾದೊಳಗೆ ಮುಗಿಸುತ್ತಿದ್ದ.

ಮಸ್ಜಿದ್ ಬಂದರ್ ದಾಟುವಾಗ ಮ್ಯೂನಿಕ್ ನಗರದಲ್ಲಿ ಮಳೆ ಬರುತ್ತಿತ್ತು. ಅರವತ್ತರ ಆಸುಪಾಸಿನ ವಿಧವೆ, ಕಚೇರಿಗಳ ನೆಲ ಒರೆಸುವ ಹೆಂಗಸು, ಮಳೆಗೆ ನೆನೆಯಬಾರದೆಂದು ಒಂದು ಬಾರಿನೊಳಗೆ ಬರುತ್ತಾಳೆ. ಅರಬರು ಸೇರುವ ಜಾಗ. ಎಲ್ಲರೂ ನಿಂತಲ್ಲೇ ನಿಂತು ಅವಳನ್ನೇ ನೋಡುತ್ತಾರೆ. ಹೆಸರು ಎಮ್ಮಿ. ಧಾರವಾಡದವನಿಗೆ ಇಲ್ಲಿ ನಗು ತಡೆಯಲಾಗಲಿಲ್ಲ, ಅವರಲ್ಲಿ ಎಮ್ಮೆಗೆ ಎಮ್ಮಿ ಅನ್ನುವುದಲ್ಲವೇ. ನಕ್ಕು ಮುಗಿಸುವಷ್ಟರಲ್ಲಿ ಭಾಯಖಳಾ. ಮೊರೊಕ್ಕೊ ದೇಶದ ಒಬ್ಬ ಮೆಕ್ಯಾನಿಕ್, ಅವಳಿಗಿಂತ ಎಷ್ಟೋ ಚಿಕ್ಕವನು, ತಮಾಷೆಗೆ ಯಾರೋ ಹುರಿದುಂಬಿಸಿದ್ದಕ್ಕೆ ಅವಳ ಜೊತೆ ಕುಣಿಯುತ್ತಾನೆ, ಮನೆಯ ತನಕ ಬಿಟ್ಟುಬರಲು ಹೋಗುತ್ತಾನೆ. ಅವನ ನಿಜವಾದ ಹೆಸರು ಒಂದು ಮಾರುದ್ದ ಇದೆ, ಆದರೆ ಎಲ್ಲರೂ ಕರೆಯುವುದು ಅಲಿ. ಪರೇಲ್ ಬರುವಾಗ ಇಬ್ಬರೂ ಮದುವೆಯಾದರು. ದಾದರಿನಲ್ಲಿ ಜನ ನುಗ್ಗಿದ್ದರಿಂದ ಕಥೆ ಸ್ವಲ್ಪ ನಿಂತಿತು. ಮಾಟುಂಗಾದಲ್ಲಿ ಎಮ್ಮಿ ತನ್ನ ಮಕ್ಕಳನ್ನು ಕರೆದು ಗಂಡನನ್ನು ತೋರಿಸುತ್ತಾಳೆ. ಯಾರೂ ಮಾತಾಡುವುದಿಲ್ಲ. ಒಬ್ಬ ಮಗ ಎದ್ದು ಟಿ.ವಿ.ಯನ್ನು ಕಾಲಿನಿಂದ ಒದ್ದು ಒಡೆಯುತ್ತಾನೆ. ಸಯನ್ನಿನಲ್ಲಿ ದಿನಸಿ ಅಂಗಡಿಯವನು ಅಲಿಗೆ ಸಾಮಾನು ಕೊಡುವುದಿಲ್ಲ, ನಿನ್ನ ಭಾಷೆ ತಿಳಿಯುವುದಿಲ್ಲ ಅನ್ನುತ್ತಾನೆ. ನೆರೆಯ ಹೆಂಗಸರು ಮಾತು ಬಿಡುತ್ತಾರೆ. ಕೆಲಸದವರು ಊಟದ ಹೊತ್ತಿಗೆ ಎಮ್ಮಿಯನ್ನು ಬಿಟ್ಟು ಬೇರೆ ಕೂರುತ್ತಾರೆ, ಅವಳು ಮೆಟ್ಟಿಲ ಮೇಲೆ ಒಬ್ಬಳೇ. ಕೊನೆಗೊಂದು ದಿನ, ಹೊರಗೆ ಕುರ್ಚಿ ಹಾಕಿರುವ ಒಂದು ಹೋಟೆಲಿನಲ್ಲಿ, ಸುತ್ತ ಖಾಲಿ ಹಳದಿ ಕುರ್ಚಿಗಳು, ದೂರದಲ್ಲಿ ಹೋಟೆಲಿನವರು ಸಾಲಾಗಿ ನಿಂತು ಇವರನ್ನೇ ನೋಡುತ್ತಿರುವಾಗ, ಎಮ್ಮಿ ಅಳುತ್ತಾಳೆ. ಎಲ್ಲಿಗಾದರೂ ಹೋಗಿ ಬರೋಣ, ನಾವು ಬರುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತದೆ ಎನ್ನುತ್ತಾಳೆ.

ಕುರ್ಲಾ ಬಂತು. "ಮುಂದಿಂದು ಖರೇ ಕಥಿ ಅದ, ನಾಳೆ ಹೇಳ್ತೀನಿ" ಅಂತ ಗೆಳೆಯ ಇಳಿದುಹೋದ.

ನಾಳೆ ಅವನು ಬರಲಿಲ್ಲ. ತಂದೆಗೆ ಹುಷಾರಿಲ್ಲ ಅಂತ ತಾರು ಬಂದು ರಾತ್ರೋರಾತ್ರಿ ಧಾರವಾಡಕ್ಕೆ ಹೋದ. ಆಮೇಲೆ ಅಲ್ಲಿಗೇ ವರ್ಗ ಮಾಡಿಸಿಕೊಂಡ. ಚಾರ್ಜ್ ಕೊಡಲು ಬಂದಾಗ ಒಂದು ವಾರ ಇದ್ದ, ಆಗ ಮಾತಾಡಿದ್ದೆಲ್ಲ ಸಾಲ, ಪಿ.ಎಫ್., ಖೋಲಿಯ ಡಿಪಾಜಿಟ್ಟು. ಅರ್ಧ ಕಥೆ ನನ್ನ ಹತ್ತಿರವೇ ಉಳಿಯಿತು.

ಅದು ಯಾಕೆ ಅಷ್ಟು ಕಚ್ಚಿಕೊಂಡಿತು ಎನ್ನುವುದಕ್ಕೆ ಹತ್ತು ವರ್ಷ ಹಿಂದಕ್ಕೆ ಹೋಗಬೇಕು. ನಾನು ಕುಂದಾಪುರದ ಕಡೆಯವನು. 1968ರಲ್ಲಿ, ಹದಿನೇಳನೇ ವಯಸ್ಸಿಗೆ, ಸೋದರಮಾವನ ಹೋಟೆಲಿಗೆ ಬಂದೆ. ಹಗಲು ಗಲ್ಲಾದ ಪಕ್ಕ ಬಿಲ್ಲು ಬರೆಯುವುದು, ಸಂಜೆ ಕನ್ನಡದ ರಾತ್ರಿ ಶಾಲೆ. ನಮ್ಮ ಹಾಗೆ ಬಂದು, ಮೇಜು ಒರೆಸುತ್ತಾ ಎಸ್ಸೆಸ್ಸೆಲ್ಸಿ ಮುಗಿಸಿದವರು ಈ ಊರಿನಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ಆ ವರ್ಷಗಳು ನಮಗೆ ಚೆನ್ನಾಗಿರಲಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿತ್ತು. ಅದಕ್ಕೂ ಮೊದಲೇ 'ಮಾರ್ಮಿಕ' ವಾರಪತ್ರಿಕೆಯಲ್ಲಿ ಯಾವ ಕಚೇರಿಯಲ್ಲಿ ಎಷ್ಟು ಜನ ದಕ್ಷಿಣದವರಿದ್ದಾರೆ ಎಂದು ಹೆಸರುಗಳ ಪಟ್ಟಿಯೇ ಬರುತ್ತಿತ್ತು. 'ಬಜಾವ್ ಪುಂಗಿ, ಹಟಾವ್ ಲುಂಗಿ' ಎಂಬ ಘೋಷಣೆ ಗೋಡೆಗಳ ಮೇಲೆ. ನಾವು ತಮಿಳರಲ್ಲ, ಮಲಯಾಳಿಗಳಲ್ಲ ಅಂತ ವಿವರಿಸಲು ಯಾರಿಗೂ ಪುರಸೊತ್ತಿರಲಿಲ್ಲ. ಎಲ್ಲರೂ ಮದ್ರಾಸಿಗಳೇ. ನಮ್ಮ ಮಾತು 'ಯಂಡುಗುಂಡು'. ಹೋಟೆಲಿನಲ್ಲಿ ಹದಿನಾಲ್ಕು ಜನ ಕೆಲಸದವರಿದ್ದೆವು, ಹದಿನಾಲ್ಕು ಜನಕ್ಕೂ ಗಿರಾಕಿಗಳು ಕರೆಯುವ ಹೆಸರು ಒಂದೇ, ಅಣ್ಣಾ.

1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿ ವಿವಾದದ ಹೆಸರಿನಲ್ಲಿ ಮುಂಬಯಿ ಹೊತ್ತಿ ಉರಿಯಿತು. ಮಾವ ಶಟರ್ ಎಳೆಸಿದರು, ಕನ್ನಡ ಅಕ್ಷರವಿದ್ದ ಬೋರ್ಡು ಇಳಿಸಿ ಹಿಟ್ಟಿನ ಮೂಟೆಗಳ ಹಿಂದಿಟ್ಟರು. "ರೈಲಿನಲ್ಲಿ ಬಾಯಿ ಬಿಡ್ಬೇಡಿ ಮಾರಾಯ್ರೆ, ಪಂಚೆ ಉಟ್ಕೊಂಡು ಹೊರಗೆ ಹೋಗ್ಬೇಡಿ" ಎಂದರು. ಅಡುಗೆಮನೆಯಲ್ಲಿ ಮೂರು ರಾತ್ರಿ ದೀಪ ಹಚ್ಚದೆ ಕೂತೆವು. ನಿಜ ಹೇಳಬೇಕೆಂದರೆ ನಮ್ಮ ಹೋಟೆಲಿಗೆ ಏನೂ ಆಗಲಿಲ್ಲ. ಒಂದು ಗಾಜೂ ಒಡೆಯಲಿಲ್ಲ. ಆದರೆ ಹೊರಗೆ ಚಪ್ಪಲಿ ಸದ್ದು ಕೇಳಿದಾಗಲೆಲ್ಲ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗೆ ಆಗುತ್ತಿದ್ದದ್ದು ಈಗಲೂ ನೆನಪಿದೆ. ಏನೂ ಆಗದೆಯೂ ಅದು ಆಗಿಯೇ ಆಯಿತು.

ಹಾಗಾಗಿ, ಸ್ಲೋ ಲೋಕಲಿನಲ್ಲಿ ಆ ಮೆಕ್ಯಾನಿಕ್ಕಿನ ಕಥೆ ಕೇಳಿದವನಿಗೆ ತಾನು ಯಾರು ಎಂಬ ಅನುಮಾನವೇ ಇರಲಿಲ್ಲ. ನಾನೇ ಅಲಿ. ಕುರ್ಲಾದ ಮುಂದಿನ ಅರ್ಧವನ್ನು ನಾನೇ ಕಟ್ಟಿಕೊಂಡೆ. ವರ್ಷಕ್ಕೊಂದು ಥರ ಕಟ್ಟಿದೆ. ಒಮ್ಮೆ ಅಲಿ ಆ ಅಂಗಡಿಯವನ ಮಗುವನ್ನು ಲಾರಿಯ ಕೆಳಗಿಂದ ಎಳೆದು ಉಳಿಸುತ್ತಾನೆ, ಅಂಗಡಿಯವನು ಕಣ್ಣೀರಿಡುತ್ತಾನೆ. (ರಾಜ್‌ಕುಮಾರ್ ಚಿತ್ರಗಳನ್ನು ನೋಡಿ ಬೆಳೆದವನು, ಬೇರೇನು ತೋಚೀತು?) ಇನ್ನೊಮ್ಮೆ ಗಂಡಹೆಂಡಿರು ಆ ಊರನ್ನೇ ಬಿಟ್ಟುಹೋಗುತ್ತಾರೆ, ಹೋಗುವಾಗ ಅಲಿ ಒಂದು ಭಾಷಣ ಮಾಡುತ್ತಾನೆ. ಭಾಷಣ ಮಾತ್ರ ಪ್ರತಿಸಲವೂ ನನ್ನದೇ, ಮಾವನ ಅಡುಗೆಮನೆಯ ಕತ್ತಲಲ್ಲಿ ಆಡದೆ ಉಳಿದದ್ದು. ಹೇಗೆ ಕಟ್ಟಿದರೂ ಕೆಟ್ಟವರು ಆ ಕಡೆ, ನಾನು ಈ ಕಡೆ. ಚಿತ್ರ ಎಂದಾದರೂ ನೋಡಲು ಸಿಕ್ಕಿದರೆ ಎದೆ ತುಂಬ ಅತ್ತುಬಿಡಬೇಕೆಂದು ಆಸೆಯಿಟ್ಟುಕೊಂಡಿದ್ದೆ.

ವರ್ಣದ್ವೇಷದ ಕುರಿತ ಯಾವುದೇ ಚಿತ್ರ ಬರುತ್ತದೆಂದರೆ ನಾವು ಹೀಗೆಯೇ ಕಾಯುತ್ತೇವೇನೋ. ಟಿಕೆಟ್ಟು ಕೊಳ್ಳುವಾಗಲೇ ಯಾರ ಪಕ್ಕ ಕೂರುವುದೆಂದು ನಿರ್ಧಾರವಾಗಿರುತ್ತದೆ. ಅಮೆರಿಕದ ಬಿಳಿಯರು ಕರಿಯರಿಗೆ ಮಾಡಿದ್ದು, ಜರ್ಮನರು ಅರಬರಿಗೆ ಮಾಡಿದ್ದು, ಅದನ್ನು ಕತ್ತಲಲ್ಲಿ ಕೂತು ನೋಡಿ ಬೈದು ಹೊರಬರುವಾಗ ಮೈ ಹಗುರ. ಖರ್ಚಿಲ್ಲದ ಪುಣ್ಯ. ನನ್ನಂಥವನಿಗಂತೂ ಇನ್ನೂ ಒಂದು ಅನುಕೂಲವಿತ್ತು. ನನಗೂ ಆಗಿದೆ ಎಂಬ ರಸೀದಿ ಜೇಬಿನಲ್ಲಿತ್ತು.

ಚಿತ್ರ ತೋರಿಸುತ್ತಾರೆಂಬ ಸುದ್ದಿ ಕಳಿಸಿದ್ದು ಮಗಳೇ. ಫೋನಿನಲ್ಲಿ ಸುಮ್ಮನೆ ಕೇಳಿದೆ, "ರಜೆಗೆ ಹೋದವರು ವಾಪಸು ಬಂದಮೇಲೆ ಏನಾಗ್ತದೆ ಅದರಲ್ಲಿ?" ಅವಳು ಕಾಲೇಜಿನಲ್ಲಿದ್ದಾಗ ನೋಡಿದ್ದಳು. "ನಿಮಗೆ ಅರ್ಧ ಮಾತ್ರ ಗೊತ್ತಾ?" ಎಂದು ನಗುತ್ತಾ ಹೇಳಿದಳು.

ವಾಪಸು ಬರುವಾಗ ಎಲ್ಲರೂ ನಿಜಕ್ಕೂ ಒಳ್ಳೆಯವರಾಗಿರುತ್ತಾರಂತೆ. ಅಂಗಡಿಯವನಿಗೆ ಗಿರಾಕಿ ಬೇಕು, ದೊಡ್ಡ ಅಂಗಡಿಗಳು ಬಂದು ವ್ಯಾಪಾರ ಇಳಿದಿದೆ. ನೆರೆಯವಳಿಗೆ ನೆಲಮಾಳಿಗೆಯಲ್ಲಿ ಸಾಮಾನಿಡಲು ಜಾಗ ಬೇಕು. ಟಿ.ವಿ. ಒಡೆದ ಮಗನಿಗೆ ಮಗುವನ್ನು ನೋಡಿಕೊಳ್ಳಲು ಅಮ್ಮ ಬೇಕು. ಯಾರ ಮನಸ್ಸೂ ಬದಲಾಗಿಲ್ಲ, ಅವರವರ ಕೆಲಸ ಬದಲಾಗಿದೆ. ಎಮ್ಮಿಗೆ ಮತ್ತೆ ಎಲ್ಲರೂ ಸಿಕ್ಕಿದ ಸಂಭ್ರಮ. ಗೆಳತಿಯರನ್ನು ಮನೆಗೆ ಕರೆದು ಗಂಡನ ತೋಳು ಮುಟ್ಟಿನೋಡಲು ಬಿಡುತ್ತಾಳೆ, ಸಂತೆಯಲ್ಲಿ ಎತ್ತಿನ ಮೈ ಮುಟ್ಟಿದ ಹಾಗೆ. ಅವನು ತನ್ನೂರಿನ ಊಟ, ಕುಸ್‌ಕುಸ್, ಮಾಡಿಕೊಡು ಅಂದರೆ ಇಲ್ಲ ಅನ್ನುತ್ತಾಳೆ, ಜರ್ಮನಿಯಲ್ಲಿ ಎಲ್ಲರೂ ತಿನ್ನುವುದನ್ನು ತಿನ್ನಲು ಕಲಿ ಎಂಬ ಧಾಟಿಯಲ್ಲಿ. ಆಮೇಲೆ ಕೆಲಸದ ಜಾಗಕ್ಕೆ ಯುಗೋಸ್ಲಾವಿಯಾದ ಕಡೆಯಿಂದ ಹೊಸ ಹೆಂಗಸೊಬ್ಬಳು ಸೇರುತ್ತಾಳೆ. ಅವಳಿಗೆ ಸಂಬಳ ಕಡಿಮೆ. ಹಳಬರೆಲ್ಲ ಸೇರಿ ಅವಳನ್ನು ಬಿಟ್ಟು ಮಾತಾಡಿಕೊಳ್ಳುತ್ತಾರೆ. ಅವಳು ಮೆಟ್ಟಿಲ ಮೇಲೆ ಒಬ್ಬಳೇ ಕೂರುತ್ತಾಳೆ, ಹಿಂದೆ ಎಮ್ಮಿ ಕೂತಿದ್ದ ಜಾಗದಲ್ಲೇ.

"ಎಮ್ಮಿ ಎಲ್ಲಿರ್ತಾಳೆ?" ಎಂದೆ.

"ಆ ಹೆಂಗಸರ ಜೊತೆ, ಅಪ್ಪ. ಅದೇ ಅಲ್ವಾ ಸಿನಿಮಾ?"

ಕೊನೆಗೆ ಅಲಿ ಹೊಟ್ಟೆಹುಣ್ಣಿನಿಂದ ಕುಸಿದು ಬೀಳುತ್ತಾನೆ, ಹೊರದೇಶದ ಕೂಲಿಗಳಿಗೆ ಇದು ಸಾಮಾನ್ಯ, ಆಪರೇಷನ್ ಮಾಡಿದರೂ ಆರು ತಿಂಗಳಿಗೆ ಮತ್ತೆ ಬರುತ್ತಾನೆ ಎನ್ನುತ್ತಾನೆ ಡಾಕ್ಟರು. ಮಗಳು ಇನ್ನೂ ಏನೇನೋ ಹೇಳುತ್ತಿದ್ದಳು. ನಾನು ಆ ಮೆಟ್ಟಿಲ ಹತ್ತಿರವೇ ನಿಂತುಬಿಟ್ಟಿದ್ದೆ.

ಈಗ 2012ಕ್ಕೆ ಬರುತ್ತೇನೆ. ಠಾಣೆಯ ನಮ್ಮ ಹೌಸಿಂಗ್ ಸೊಸೈಟಿಗೆ ಆಗ ನಾನು ಸೆಕ್ರೆಟರಿ. ಬ್ಯಾಂಕಿನಿಂದ ನಿವೃತ್ತನಾದವನಿಗೆ ಲೆಕ್ಕ ಬರುತ್ತದೆ, ಇಂಗ್ಲಿಷ್ ಬರುತ್ತದೆ, ಜಗಳ ಬರುವುದಿಲ್ಲ ಎಂದು ಎಲ್ಲರೂ ಸೇರಿ ಕೂರಿಸಿದ್ದರು. ಆ ವರ್ಷದ ಆಗಸ್ಟ್ ನಿಮಗೂ ನೆನಪಿರಬಹುದು. ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಜನ ಬೆಂಗಳೂರಿನಿಂದ ಸಾವಿರಾರು ಸಂಖ್ಯೆಯಲ್ಲಿ ಹೊರಟುಹೋದರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಪುಣೆಯಿಂದಲೂ ಹೋದರು. ಟಿ.ವಿ.ಯಲ್ಲಿ ಬೆಂಗಳೂರು ಸ್ಟೇಷನ್ನಿನ ಆ ಗುಂಪು ನೋಡಿ ನಾನು ಹೆಂಡತಿಗೆ ಹೇಳಿದ್ದೆ, "ಛೆ, ನಮ್ಮ ಊರಿನಲ್ಲಿ ಹೀಗಾಗಬಾರದಿತ್ತು." 1969ರ ಕಥೆಯನ್ನು ಅವಳಿಗೆ ಇಪ್ಪತ್ತನೇ ಸಲ ಹೇಳಿದ್ದೂ ಅವತ್ತೇ.

ಒಂದೂವರೆ ತಿಂಗಳಾಗಿರಬೇಕು. ಸಂಜೆ ಇಬ್ಬರು ಹುಡುಗರು ಮನೆಗೆ ಬಂದರು. ಮಣಿಪುರದವರು. ಒಬ್ಬ ಮಾಲ್‌ನ ಬಟ್ಟೆ ಅಂಗಡಿಯಲ್ಲಿ, ಇನ್ನೊಬ್ಬ ಹೋಟೆಲಿನ ಅಡುಗೆಮನೆಯಲ್ಲಿ. ಮೂರನೇ ಮಹಡಿಯ ಫ್ಲ್ಯಾಟಿನ ಮಾಲೀಕರು ದುಬೈಯಲ್ಲಿದ್ದರು, ಬಾಡಿಗೆ ಒಪ್ಪಿಕೊಂಡಿದ್ದರು. ಸೊಸೈಟಿಯ ಎನ್‌ಒಸಿ ಒಂದು ಬೇಕಿತ್ತು. ಪೊಲೀಸ್ ವೆರಿಫಿಕೇಶನ್ನು, ಕೆಲಸದ ಪತ್ರ ಎಲ್ಲವನ್ನೂ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಜೋಡಿಸಿ ತಂದಿದ್ದರು. ಅಷ್ಟು ಚೊಕ್ಕದ ಕಾಗದಪತ್ರ ನಮ್ಮವರು ಯಾರೂ ತಂದದ್ದು ನಾನು ಕಾಣೆ. ಹೆಂಡತಿ ಚಾ ಕೊಟ್ಟಳು. ಗೋಡೆಯ ಮೇಲಿನ ಕನ್ನಡ ಕ್ಯಾಲೆಂಡರ್ ನೋಡಿದ ಒಬ್ಬ, ಸಣ್ಣಗೆ ನಕ್ಕು ಕೇಳಿದ: "ಅಂಕಲ್, ಆಪ್ ಭೀ ಬಾಹರ್ ಸೇ ಹೈ ನಾ?" ನೀವೂ ಹೊರಗಿನವರೇ ಅಲ್ಲವಾ?

ನಾನು ಹೌದು ಅನ್ನಲಿಲ್ಲ. "ನಲವತ್ತು ವರ್ಷದಿಂದ ಇಲ್ಲೇ ಇದ್ದೇನೆ" ಎಂದೆ.

ಭಾನುವಾರ ಕಮಿಟಿ ಕೂತಿತು. ಐದು ಜನ. ಕೆಟ್ಟ ಮಾತು ಯಾರೂ ಆಡಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಒಬ್ಬರು ಅವರ ಅಡುಗೆಯ ವಾಸನೆ ಅಂದರು. ಇನ್ನೊಬ್ಬರು, ಹೆಣ್ಣುಮಕ್ಕಳಿರುವ ಬಿಲ್ಡಿಂಗು, ಅಂದರು. ಮತ್ತೊಬ್ಬರು, ಈಗಿನ ಗಲಾಟೆಯಲ್ಲಿ ಅವರನ್ನು ಹುಡುಕಿಕೊಂಡು ಯಾರಾದರೂ ಬಂದರೆ ನಮಗೇಕೆ ತೊಂದರೆ, ಅಂದರು. ಈ ಮೂರನೆಯದಂತೂ ಕರುಣೆಯ ಹಾಗೆಯೇ ಕೇಳಿಸಿತು. ಮಣಿಪುರದಲ್ಲಿ ಹುದುಗಿಸಿದ ಮೀನು ತಿನ್ನುತ್ತಾರೆಂದು ಯಾರೋ ಹೇಳಿ ಮೂಗು ಮುಚ್ಚಿಕೊಂಡು ತೋರಿಸಿದರು, ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಲುಂಡಿನ ನಮ್ಮ ಬಾಡಿಗೆ ಮನೆಯಲ್ಲಿ ಮಾಲೀಕರು ಸಸ್ಯಾಹಾರಿಗಳು. ಊರಿಂದ ಬಂದ ಒಣಮೀನನ್ನು ಅವರು ಮದುವೆಗೋ ಯಾತ್ರೆಗೋ ಹೋದ ದಿನ ನೋಡಿ, ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ ಹುರಿಯುತ್ತಿದ್ದಳು ನನ್ನ ಹೆಂಡತಿ. ಅದು ನನಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. ನೆನಪಾದದ್ದರಿಂದಲೇ ಸ್ವಲ್ಪ ಜೋರಾಗಿ ನಕ್ಕೆನೇನೋ.

ಬೇಡ ಎಂದು ಬರೆಯುವುದು ಹೇಗೆ? ಕಾರಣ ಬರೆಯುವಂತಿಲ್ಲ. ಆಗ ನನ್ನ ಬ್ಯಾಂಕ್ ಇಂಗ್ಲಿಷ್ ಕೆಲಸಕ್ಕೆ ಬಂತು. ಅವಿವಾಹಿತರಿಗೆ ಫ್ಲ್ಯಾಟ್ ಬಾಡಿಗೆಗೆ ಕೊಡತಕ್ಕದ್ದಲ್ಲ, ಕುಟುಂಬಸ್ಥರಿಗೆ ಮಾತ್ರ ಎಂದು ಒಂದು ಠರಾವು ಬರೆದೆ. ಯಾರ ಹೆಸರೂ ಇಲ್ಲ, ಯಾವ ರಾಜ್ಯವೂ ಇಲ್ಲ. ಮೂರು ತಿಂಗಳ ಹಿಂದಷ್ಟೇ ನಮ್ಮ ಕರಾವಳಿಯ ಇಬ್ಬರು ಮದುವೆಯಾಗದ ಹುಡುಗರಿಗೆ ಇದೇ ಕೈಯಿಂದ ಎನ್‌ಒಸಿ ಬರೆದುಕೊಟ್ಟಿದ್ದೆ. ಅವರು ಹಾಗೆಯೇ ಮುಂದುವರಿದರು. 1974ರಲ್ಲಿ ನಾನು ಖೋಲಿ ಹುಡುಕಿಕೊಂಡು ಅಲೆಯುವಾಗ, ಹೆಸರು ಕೇಳಿ, ಊರು ಕೇಳಿ, ಆಮೇಲೆ "ಫ್ಯಾಮಿಲಿ ಚಾಹಿಯೇ" ಎಂದು ಬಾಗಿಲು ಮುಚ್ಚುತ್ತಿದ್ದರು. ಎಲ್ಲಿಂದ ಕಲಿತೆ ಅಂತ ಯಾರಾದರೂ ಕೇಳಿದರೆ ಜಾಗ ತೋರಿಸಬಲ್ಲೆ.

ಮೀಟಿಂಗ್ ಮುಗಿದಾಗ ಒಬ್ಬ ಹಿರಿಯರು ಹೆಗಲ ಮೇಲೆ ಕೈಯಿಟ್ಟು, "ಶೆಟ್ಟಿಸಾಬ್, ಆಪ್ ತೋ ಅಪನೇ ಆದ್ಮಿ ಹೈ" ಎಂದರು. ನಮ್ಮವರು ಎಂದರು. ಮುಂಬಯಿಗೆ ಬಂದು 44 ವರ್ಷಕ್ಕೆ ಆ ಮಾತು ನನಗೆ ಯಾರೋ ಅಂದದ್ದು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು, ಅದನ್ನೂ ಬರೆದುಬಿಡುತ್ತೇನೆ.

ಈಚೆಗೆ ಈ ವಿಷಯ ಹೆಂಡತಿಯ ಹತ್ತಿರ ತೆಗೆದೆ. ಅವಳದು ನೇರ ಮಾತು. "ಹೆದರಿಕೆ ಆಗುವುದು ತಪ್ಪಾ? ಗುರುತಿಲ್ಲ ಪರಿಚಯವಿಲ್ಲ. ಕಾಲವೂ ಹಾಗಿತ್ತು." ಅವಳು ಕೇಳಿದ್ದು ದೊಡ್ಡ ಪ್ರಶ್ನೆ, ಅದನ್ನು ಹಾರಿಸಿ ಮುಂದೆ ಹೋಗುವ ಹಾಗಿಲ್ಲ. ಅಪರಿಚಿತನನ್ನು ಕಂಡು ಮನಸ್ಸು ಒಂದು ಹೆಜ್ಜೆ ಹಿಂದೆ ಸರಿಯುವುದು ತಪ್ಪು ಎನ್ನಲು ನನಗೆ ಧೈರ್ಯವಿಲ್ಲ. ಅಂಗಳದ ನಾಯಿಯೂ ಬೊಗಳುತ್ತದೆ, ಒಂದೂವರೆ ವರ್ಷದ ಮಗುವೂ ಅಮ್ಮನ ಸೆರಗು ಹಿಡಿಯುತ್ತದೆ. ತಾನಾಗಿ ಬರುವ ಹೆದರಿಕೆಗೆ ಯಾರನ್ನೂ ಕಟಕಟೆ ಹತ್ತಿಸಲಾಗದು. ಅದನ್ನು ಠರಾವು ಮಾಡಿ ಪುಸ್ತಕಕ್ಕೆ ಏರಿಸಿದಾಗ ಮಾತ್ರ ಅದು ನಮ್ಮ ಕೆಲಸವಾಗುತ್ತದೆ. ಇಷ್ಟನ್ನು ನಾನು ಮೊದಲಿಂದಲೂ ಒಪ್ಪಿದ್ದೆ.

ಆದರೆ ಹೆಂಡತಿ ಕೇಳಿದ ಮೇಲೆ ಇನ್ನೊಂದು ಹೊಳೆಯಿತು. ನನಗೆ ನಿಜಕ್ಕೂ ಹೆದರಿಕೆ ಆಗಿತ್ತೇ? ಯಾವಾಗ? ಆ ಹುಡುಗರು ಸೋಫಾದ ತುದಿಯಲ್ಲಿ ಮೊಣಕಾಲು ಜೋಡಿಸಿ ಕೂತು ಚಾ ಕುಡಿಯುವಾಗ ಆಗಿರಲಿಲ್ಲ. ಹಾಗೆ ನೋಡಿದರೆ ಅವರು ನನಗೆ ಅಪರಿಚಿತರೇ ಅಲ್ಲ. ಹೋಟೆಲಿನ ಅಡುಗೆಮನೆಯ ಹುಡುಗನ ಮುಖ ನನಗೆ ಚೆನ್ನಾಗಿ ಗೊತ್ತು, ಅದು ಮಣಿಪುರದ್ದಿರಲಿ ಬೈಂದೂರಿನದ್ದಿರಲಿ. ಹೊಟ್ಟೆ ಹಿಂಡಿದ್ದು ಭಾನುವಾರ, ಕಮಿಟಿಯಲ್ಲಿ. ಅವರ ಪರವಾಗಿ ಬಾಯಿ ತೆರೆದರೆ ನಾಲ್ಕು ಜನ ತಿರುಗಿ ನನ್ನನ್ನು ನೋಡುತ್ತಾರೆ, ಹಾಗೆ ನೋಡುವಾಗ ನಾನೂ ಎಲ್ಲಿಂದಲೋ ಬಂದವನೆಂದು ಅವರಿಗೆ ನೆನಪಾಗುತ್ತದೆ. ನಾನು ಹೆದರಿದ್ದು ಹೊರಗಿನವರಿಗಲ್ಲ, ಒಳಗಿನವರಿಗೆ. ಎಮ್ಮಿಯೂ ಆ ಯುಗೋಸ್ಲಾವಿಯಾದವಳಿಗೆ ಹೆದರಿರಲಾರಳು. ಪುನಃ ಮೆಟ್ಟಿಲ ಮೇಲೆ ಒಬ್ಬಳೇ ಕೂರಬೇಕಾದೀತು ಎಂಬುದು ಅವಳ ಹೆದರಿಕೆ. ಚಿತ್ರದ ಹೆಸರನ್ನು ನಾನು ಇಷ್ಟು ವರ್ಷ ಅಲಿಗೆ ಮಾತ್ರ ಅನ್ವಯಿಸಿಕೊಂಡಿದ್ದೆ.

ಊರಿಗೆ ಬಂದಾಗ ನೀವು ನಮಗೆ ಒಂದು ಮಾತು ಹೇಳುವುದುಂಟು: ಹೊರಗೆ ಇದ್ದು ಬಂದವರು, ನಾಲ್ಕು ಜನರ ನಡುವೆ ಬಾಳಿದವರು, ಮನಸ್ಸು ದೊಡ್ಡದು. ಪೆಟ್ಟು ತಿಂದವನಿಗೆ ಇನ್ನೊಬ್ಬರ ಪೆಟ್ಟು ತಿಳಿಯುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ತಿಳಿಯುತ್ತದೆ, ಇಲ್ಲವೆನ್ನುವುದಿಲ್ಲ. ನನಗೆ ಪೂರ್ತಿ ತಿಳಿದಿತ್ತು. ಆದರೆ ತಿಳಿದ ಮಾತ್ರಕ್ಕೆ ಕೈ ತಡೆಯುವುದಿಲ್ಲ. ಬಾಗಿಲು ಯಾವ ಮಾತಿನಿಂದ ಮುಚ್ಚಿದರೆ ಸದ್ದಾಗುವುದಿಲ್ಲ ಎಂಬುದನ್ನು ಹೊರಗೆ ನಿಂತವನಷ್ಟು ಚೆನ್ನಾಗಿ ಬಲ್ಲವರಿಲ್ಲ. 1969 ನನ್ನನ್ನು ಉದಾರಿ ಮಾಡಲಿಲ್ಲ. ಆ ಮೂರು ರಾತ್ರಿಗಳನ್ನು ನಾನು ಡಿಪಾಜಿಟ್ ಇಟ್ಟ ಹಾಗೆ ಇಟ್ಟುಕೊಂಡು, ಅದರ ಬಡ್ಡಿಯಲ್ಲಿ ಒಳ್ಳೆಯವನೆನ್ನಿಸಿಕೊಂಡೆ.

ಅತಿಥಿಯನ್ನು ದೇವರೆನ್ನುವ ನಾಡು ನಮ್ಮದು ಎಂದು ಸಮಾರಂಭಗಳಲ್ಲಿ ಹೇಳುತ್ತೇವೆ. ಅತಿಥಿಯ ವಿಷಯದಲ್ಲಿ ತೊಂದರೆಯೇ ಇಲ್ಲ ನೋಡಿ, ಅವನು ಹೋಗುತ್ತಾನೆ. ಉಳಿಯುವವನು ಬಂದಾಗ ಪರೀಕ್ಷೆ. ಜರ್ಮನರು ಆ ಕಾಲದಲ್ಲಿ ಕೆಲಸಕ್ಕೆ ಜನ ಸಾಲದೆ, ಇಟಲಿ, ತುರ್ಕಿ, ಮೊರೊಕ್ಕೊಗಳೊಂದಿಗೆ ಒಪ್ಪಂದ ಮಾಡಿ ಕೂಲಿಗಳನ್ನು ಕರೆಸಿಕೊಂಡರು. ಅವರಿಗಿಟ್ಟ ಹೆಸರಿನ ಅರ್ಥ 'ಅತಿಥಿ ಕಾರ್ಮಿಕ'. ಎಷ್ಟು ನಾಜೂಕು ಪದ! ಬಂದದ್ದು ಒಳ್ಳೆಯದಾಯಿತು, ಹೊರಡುವುದು ಯಾವಾಗ ಎಂಬುದು ಅದರೊಳಗೇ ಇದೆ. (ನಮ್ಮ ಕಾಲೇಜುಗಳ 'ಅತಿಥಿ ಉಪನ್ಯಾಸಕ'ರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ.) 1973ರ ನವೆಂಬರಿನಲ್ಲಿ, ಫಾಸ್‌ಬಿಂಡರ್ ಚಿತ್ರೀಕರಣ ಮುಗಿಸಿದ ಎರಡೇ ತಿಂಗಳಿಗೆ, ಹೊಸಬರನ್ನು ಕರೆಸುವುದನ್ನೇ ಸರಕಾರ ನಿಲ್ಲಿಸಿತು. ಅದೇ ಜರ್ಮನರ ದಾರ್ಶನಿಕ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆಯುತ್ತಾ, ಪರದೇಶಿ ನಮ್ಮ ನೆಲಕ್ಕೆ ಬಂದಾಗ ಅವನನ್ನು ಹಗೆಯಂತೆ ಕಾಣದಿರುವುದು ದಯೆಯಲ್ಲ, ಅದು ಅವನ ಹಕ್ಕು ಎಂದಿದ್ದ. ಬರುವ ಹಕ್ಕು ಮಾತ್ರ, ಅತಿಥಿಯಾಗಿ ಇರಲು ಬೇರೆ ಒಪ್ಪಂದ ಬೇಕು ಎಂದೂ ಸೇರಿಸಿದ್ದ. ನಮ್ಮ ಸೊಸೈಟಿಯ ಭಾಷೆಯಲ್ಲಿ ಎನ್‌ಒಸಿ.

ಫಾಸ್‌ಬಿಂಡರನ ಎಮ್ಮಿಯ ಬಗ್ಗೆ ಮಗಳು ಇನ್ನೊಂದು ವಿಷಯ ಹೇಳಿದಳು. ಮದುವೆಯ ದಿನ ಅವಳು ಅಲಿಯನ್ನು ಕರೆದುಕೊಂಡು ಹೋಗುವುದು ಹಿಂದೆ ಹಿಟ್ಲರ್ ಊಟ ಮಾಡುತ್ತಿದ್ದ ಹೋಟೆಲಿಗಂತೆ, ಎಷ್ಟೋ ದಿನದ ಆಸೆ ಎಂದು ಖುಷಿಯಿಂದ. ಆಗಿನ ಕಾಲಕ್ಕೆ ಎಲ್ಲರ ಹಾಗೆ ತಾನೂ ಪಾರ್ಟಿಯಲ್ಲಿದ್ದೆ ಎಂದು ಸಲೀಸಾಗಿ ಹೇಳುವವಳು. ಆದರೂ ಕೆಟ್ಟವಳಲ್ಲ. ಕೆಟ್ಟವಳಾಗಿದ್ದಿದ್ದರೆ ನನಗೆ ಎಷ್ಟೋ ನೆಮ್ಮದಿಯಿರುತ್ತಿತ್ತು. ಅಲಿಯ ಪಾತ್ರ ಮಾಡಿದ ಎಲ್ ಹೆದಿ ಬೆನ್ ಸಲೇಮ್ ಚಿತ್ರ ಬಂದ ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಜೈಲೊಂದರಲ್ಲಿ ಸತ್ತನಂತೆ. ಚಿತ್ರದಲ್ಲಿ ಅಲಿಯ ಉದ್ದದ ಹೆಸರೆಂದು ಬರುವುದು ಅವನದೇ ಹೆಸರು.

ಹೆಸರು ಎಂದಾಗ ಇನ್ನೊಂದು ಕಾಡುತ್ತದೆ. ನಮ್ಮ ಮನೆಗೆ ಬಂದಿದ್ದ ಆ ಹುಡುಗನ ಹೆಸರು ನನಗೆ ನೆನಪಿಲ್ಲ. ಅರ್ಜಿಯಲ್ಲಿ ಇತ್ತು, ನಾನೇ ಓದಿದ್ದೆ. ಬೇಡವೆಂದು ತಿಳಿಸಲು ಫೋನ್ ಮಾಡಿದಾಗಲೂ "ಹಲೋ ಬೇಟಾ" ಎಂದೆನೇ ಹೊರತು ಹೆಸರು ಹಿಡಿದು ಕರೆಯಲಿಲ್ಲ. ಅವನು ನಿಯಮ ಯಾವಾಗ ಆಯಿತು ಎಂದು ಕೇಳಲಿಲ್ಲ. "ಥ್ಯಾಂಕ್ ಯೂ ಅಂಕಲ್, ಆಂಟಿಯ ಚಾ ಚೆನ್ನಾಗಿತ್ತು" ಅಂದ.

ಮಗಳ ಲಿಂಕ್ ಬೇಡವೆಂದದ್ದು ಇದಕ್ಕೇ. ಮನೆಯಲ್ಲಿ ನೋಡಿದರೆ ನಿಲ್ಲಿಸುವ ಗುಂಡಿ ನನ್ನ ಕೈಯಲ್ಲಿರುತ್ತದೆ. ಮೆಟ್ಟಿಲ ದೃಶ್ಯ ಬರುತ್ತದೆ ಎನ್ನುವಾಗ ನೀರು ಕುಡಿಯಲು ಎದ್ದುಹೋಗಬಹುದು, ಫೋನು ಬರಬಹುದು. ಸಭಾಂಗಣದಲ್ಲಿ ಸಾಲಿನ ನಡುವೆ ಕೂತರೆ ಏಳಲಾಗುವುದಿಲ್ಲ. ಅಕ್ಕಪಕ್ಕ ಗುರುತಿಲ್ಲದವರಿರುತ್ತಾರೆ, ಅವರು ಉಸಿರೆಳೆಯುವುದು ಕೇಳಿಸುತ್ತದೆ, ಎಮ್ಮಿಗೆ ಬೈಯುವುದೂ ಕೇಳಿಸಬಹುದು. ಒಂದೂವರೆ ಗಂಟೆಯ ಚಿತ್ರ. ಮೊದಲ ಅರ್ಧದಲ್ಲಿ ನನ್ನ ಹಳೆಯ ಅಡುಗೆಮನೆ ನೆನಪಾಗಿ ಕಣ್ಣು ತುಂಬಿದರೂ ತುಂಬೀತು. ಅದನ್ನು ಈ ಸಲ ನಾನು ನಂಬುವುದಿಲ್ಲ. ಧಾರವಾಡದ ಗೆಳೆಯ ಹೇಳಿದ್ದನಲ್ಲ, ಮುಂದಿನದು ಖರೇ ಕಥೆ ಅಂತ. ಅವನು ಈಗಿಲ್ಲ, ಆರು ವರ್ಷವಾಯಿತು ಹೋಗಿ.

ಮೊನ್ನೆ ನಮ್ಮ ಈಗಿನ ಸೆಕ್ರೆಟರಿಯ ಹತ್ತಿರ 2012ರ ಬಾಡಿಗೆ ಅರ್ಜಿಗಳ ಫೈಲು ಸಿಗುತ್ತದೆಯೇ ಎಂದು ಕೇಳಿದೆ. ಚಿಕ್ಕ ವಯಸ್ಸಿನವನು, ಒಳ್ಳೆಯ ಹುಡುಗ. ಹಳೆಯದೆಲ್ಲ ಆಫೀಸಿನ ಅಟ್ಟದ ಮೇಲಿದೆ, ಕೆಲವನ್ನು ಗೆದ್ದಲು ತಿಂದಿದೆ, ಭಾನುವಾರ ವಾಚ್‌ಮನ್ ಹತ್ತಿರ ಇಳಿಸಿಕೊಡುತ್ತೇನೆ ಎಂದ. ಶನಿವಾರ ಸಿನಿಮಾ, ಭಾನುವಾರ ಫೈಲು.

"ಯಾಕೆ ಅಂಕಲ್, ಏನಾದ್ರೂ ಪ್ರಾಬ್ಲಮ್ಮಾ?" ಎಂದು ಹಿಂದಿಯಲ್ಲಿ ಕೇಳಿದ.

"ಏನಿಲ್ಲಪ್ಪ, ಹಳೇ ಲೆಕ್ಕ ಒಂದು ತಾಳೆ ಆಗ್ತಾ ಇಲ್ಲ" ಎಂದೆ.